ಹಸಿರು ಪೆನ್ಸಿಲಿನ ಊರು

ಐವತ್ತರ ದಶಕದಲ್ಲಿ ಗುಂಡ್ಲುಪೇಟೆ ಸೀಮೆಯ ಹಳ್ಳಿಗಳಲ್ಲಿ ಎಲ್ಲರೂ ಜ್ವರದಿಂದಲೇ ಸಾಯುತ್ತಿದ್ದರು. ಊರಿನ ಜನನ ಮರಣದ ಪುಸ್ತಕ ತೆಗೆದು ನೋಡಿದರೆ ಹಾವು ಕಚ್ಚಿದವನನ್ನೂ ಆನೆ ತುಳಿದವನನ್ನೂ ಬಿಟ್ಟು ಉಳಿದ ಹೆಸರುಗಳ ಮುಂದೆಲ್ಲ ಜ್ವರ ಎಂದೇ ಇರುತ್ತಿತ್ತು. ಮಲೇರಿಯಾ ಇದ್ದದ್ದು ಸುಳ್ಳಲ್ಲ. ಡಿಡಿಟಿ ಹೊಡೆಯುವವರು ಬಂದು ಗೋಡೆಗೆಲ್ಲ ಎರಚಿ ಹೋಗುತ್ತಿದ್ದರು, ಅವರ ಬೆನ್ನ ಹಿಂದೆಯೇ ಹೆಂಗಸರು ಅದರ ಮೇಲೆ ಸಗಣಿ ಸಾರಿಸಿಬಿಡುತ್ತಿದ್ದರು. ಆದರೆ ಹೆರಿಗೆಯಲ್ಲಿ ಸತ್ತವಳಿಗೂ ಜ್ವರ, ಎದೆಹಾಲು ಬತ್ತಿದ ತಾಯಿಯ ಕೂಸಿಗೂ ಜ್ವರ. ಬರೆಯುವವನಿಗೆ ಆ ಒಂದು ಪದ ಸಾಕಾಗಿತ್ತು. ಓದಿ ಕೇಳುವವರು ಯಾರೂ ಇರಲಿಲ್ಲ.

ನಾನು ಅಲ್ಲಿ ಸರ್ಕಾರದ ಸೂಲಗಿತ್ತಿ. ಕಾಗದದಲ್ಲಿ ಮಿಡ್‌ವೈಫ್, ಜನರ ಬಾಯಲ್ಲಿ ನರ್ಸವ್ವ. ಹುಟ್ಟಿದ್ದು ಚಾಮರಾಜನಗರದಲ್ಲಿ, ಅಪ್ಪನದು ರೈಲು ನಿಲ್ದಾಣದ ಎದುರಿಗೆ ಸಣ್ಣ ಕಾಫಿ ಹೋಟೆಲು. ಮದುವೆಯಾದ ಹೊಸತರಲ್ಲೇ ಗಂಡ ತೀರಿಕೊಂಡು ತವರಿಗೆ ಬಂದಾಗ, ಅಪ್ಪ ನಂಟರ ಮಾತಿಗೆ ಕಿವಿಗೊಡದೆ ನನ್ನನ್ನು ಮೈಸೂರಿಗೆ ಕಳಿಸಿ ಈ ಕೆಲಸ ಕಲಿಸಿದ. ನನ್ನ ಬಾಯಿ ಸ್ವಲ್ಪ ಜೋರು. ಹೆರಿಗೆ ಮನೆಯಲ್ಲಿ ಮೆತ್ತಗೆ ಮಾತಾಡುವವಳನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಆ ಬಾಯಿಯನ್ನು ನಾನು ತಿದ್ದಿಕೊಳ್ಳಲೂ ಹೋಗಲಿಲ್ಲ.

ನನ್ನನ್ನು ಹಾಕಿದ್ದು ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನ ಒಂದು ಊರಿಗೆ. ಹೆಸರು ಬೇಡ. ಊರಿನ ದೊಡ್ಡ ಹಿಡುವಳಿಯ ಯಜಮಾನರು ತಮ್ಮ ಹಳೆಯ ಕಣಜದ ಕೋಣೆಯನ್ನು ಸುಣ್ಣ ಬಳಿಸಿ ಹೆರಿಗೆ ಕೇಂದ್ರಕ್ಕೆ ಬಿಟ್ಟುಕೊಟ್ಟಿದ್ದರು. ಒಂದು ಬೆಂಚು, ಒಂದು ಬೋಗುಣಿ, ಒಂದು ಲಾಟೀನು, ನಾನು. ಗೋಡೆಯಿಂದ ರಾಗಿಯ ವಾಸನೆ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ.

ಊರಾಚೆಯ ಕೇರಿಯ ಒಬ್ಬಳು ಹೆಂಗಸು ದಿನಾ ಸಂಜೆ ಆ ಕೋಣೆಯ ಬಾಗಿಲಿಗೆ ಬಂದು ಕೂರುತ್ತಿದ್ದಳು. ನನ್ನದೇ ವಯಸ್ಸಿನವಳು, ಕುಳ್ಳಿ, ಮಾತಿಗೆ ಮುಂಚೆ ನಗು. ಅವಳ ಗಂಡ ಅಪ್ಪನ ಕಾಲದಿಂದ ಯಜಮಾನರ ಮನೆಯಲ್ಲಿ ಜೀತಕ್ಕಿದ್ದ. ಅವಳಿಗೆ ಮೊದಲ ಕೂಸು ನಾನು ಆ ಊರಿಗೆ ಬರುವ ಮುಂಚೆ, ಹುಟ್ಟುವಾಗಲೇ ಹೋಗಿತ್ತು. ಎರಡನೆಯದಕ್ಕೆ ನಾನಿದ್ದೆ. ಆದರೆ ನನ್ನನ್ನು ಕರೆಯುವ ಹೊತ್ತಿಗೆ ನೋವು ತಿಂದು ತಿಂದು ಅವಳ ಕಣ್ಣು ಮೇಲೆ ಸಿಕ್ಕಿಕೊಂಡಿತ್ತು. ತಾಯಿ ಉಳಿದಳು, ಕೂಸು ಉಳಿಯಲಿಲ್ಲ. ಸೊಂಟ ಕಿರಿದು, ಕೂಸು ಇಳಿಯಲು ದಾರಿಯಿಲ್ಲ. ಇನ್ನೊಂದು ಸಲ ಹೀಗೇ ಆದರೆ ಇವಳೂ ಉಳಿಯುವುದಿಲ್ಲವೆಂದು ನನಗೆ ಆವತ್ತೇ ಗೊತ್ತಾಗಿತ್ತು.

ಈಗ ಮತ್ತೆ ಬಸುರಿ. ದಿನ ತುಂಬುವ ಮುಂಚೆ, ನೋವು ಕಾಣಿಸಿಕೊಳ್ಳುವ ಮುಂಚೆಯೇ ಮೈಸೂರಿನ ದೊಡ್ಡಾಸ್ಪತ್ರೆಗೆ ಸೇರಿಸಬೇಕು, ಅಲ್ಲಿ ಹೊಟ್ಟೆ ಕೊಯ್ದು ತೆಗೆಯುತ್ತಾರೆ, ನಾನೇ ಜೊತೆಗೆ ಬರುತ್ತೇನೆ ಎಂದು ಹೇಳಿದ್ದೆ. ಕೊಯ್ಯುವ ಮಾತು ಕೇಳಿ ಅವಳು ಹೆದರಲಿಲ್ಲ. ಅವಳ ಹೆದರಿಕೆಯೆಲ್ಲ ಬಸ್ಸಿನದು, ಪಟ್ಟಣದ್ದು, ಅಲ್ಲಿ ಯಾರ ಹತ್ತಿರ ಹೇಗೆ ಮಾತಾಡುವುದು ಎಂಬುದರದ್ದು.

"ನೀ ಇರ್ತೀಯಲ್ಲ ನರ್ಸವ್ವ?" ಎಂದು ಸಂಜೆ ಸಂಜೆ ಕೇಳುತ್ತಿದ್ದಳು.

ಇರದೆ ಇನ್ನೆಲ್ಲಿ ಸಾಯಲಿ ಎಂದು ನಾನು ಗದರುತ್ತಿದ್ದೆ. ಅವಳಿಗೆ ಆ ಗದರಿಕೆಯೇ ಬೇಕಾಗಿತ್ತೆಂದು ತೋರುತ್ತದೆ, ಕೇಳಿಸಿಕೊಂಡು ನಗುತ್ತಾ ಎದ್ದು ಹೋಗುತ್ತಿದ್ದಳು.

ತಿಂಗಳಿಗೊಮ್ಮೆ ನಾನು ತೆರಕಣಾಂಬಿ ಮೇಲಿನ ಬಸ್ಸು ಹಿಡಿದು ಚಾಮರಾಜನಗರದ ಕಚೇರಿಗೆ ಹೆರಿಗೆಗಳ ವರದಿ ಒಪ್ಪಿಸಬೇಕಿತ್ತು. ಆ ಸಲ ಹೋದಾಗ ಅಲ್ಲಿ ಮೈಸೂರಿನಿಂದ ಹೊಸಬರೊಬ್ಬರು ಬಂದಿದ್ದರು. ಅಂಕಿಅಂಶದವರು ಎಂದು ಕಚೇರಿಯವರು ಕರೆಯುತ್ತಿದ್ದರು. ಕನ್ನಡಕದ ತೆಳ್ಳನೆಯ ಹುಡುಗ, ಅಂಗಿಯ ಜೇಬಿನಲ್ಲಿ ಮೂರು ಬಣ್ಣದ ಪೆನ್ಸಿಲು. ಚಾಮರಾಜನಗರ, ಗುಂಡ್ಲುಪೇಟೆ ಎರಡೂ ತಾಲ್ಲೂಕುಗಳ ನಕ್ಷೆಯನ್ನು ಗೋಡೆಗೆ ಹಾಕಿ, ಅದನ್ನು ಆರೋಗ್ಯದ ವಲಯಗಳೆಂದು ತುಂಡು ಮಾಡಿ, ಒಂದೊಂದಕ್ಕೂ ಬಣ್ಣ ತುಂಬಿದ್ದರು. ಕೂಲಿಯವರು ಹೆಚ್ಚಿರುವ ಬಡ ವಲಯಕ್ಕೆ ಕೆಂಪು, ನಡುತರದವರಿಗೆ ನೀಲಿ, ಸ್ವಂತ ಜಮೀನಿನವರೂ ಅವರ ಮನೆಮಂದಿಯೂ ಹೆಚ್ಚಿರುವ ಕಡೆಗೆ ಹಸಿರು. ಆಧಾರವೆಲ್ಲ ಜನಗಣತಿಯದು. ಯಾರು ಯಾವ ಕೆಲಸದಿಂದ ಬದುಕುತ್ತಾರೆ, ಯಾರು ಯಾರ ಆಶ್ರಯದಲ್ಲಿ ಉಣ್ಣುತ್ತಾರೆ ಎಂಬುದನ್ನು ಗಣತಿಯವರು ಮನೆಮನೆಗೆ ಬರೆದುಕೊಂಡು ಹೋಗಿದ್ದರಲ್ಲ, ಅದನ್ನೇ ಇವರು ಕೂಡಿ ಕಳೆದು ಊರೂರಿನ ಅಂತಸ್ತು ತೆಗೆದಿದ್ದರು.

ಸೂಲಗಿತ್ತಿಯರು ಕಡಿಮೆ, ಊರುಗಳು ಹೆಚ್ಚು. ಇನ್ನು ಮೇಲೆ ಹಸಿರು ವಲಯದಲ್ಲಿರುವವರನ್ನು ತೆಗೆದು ಕೆಂಪು ವಲಯಕ್ಕೆ ಹಾಕುವುದೆಂದು ತೀರ್ಮಾನವಾಗಿತ್ತು. ಅದನ್ನು ಹೇಳುವಾಗ ಆ ಹುಡುಗನ ಮುಖ ಬೆಳಗುತ್ತಿತ್ತು. ಇಷ್ಟು ದಿನ ಯಾವ ಊರಿನಲ್ಲಿ ಮೇಲಿನವರ ತನಕ ಕೈ ಎಟುಕುವ ಗೌಡನಿದ್ದನೋ ಆ ಊರಿಗೆ ಕೇಂದ್ರ ಬರುತ್ತಿತ್ತು, ಇನ್ನು ಶಿಫಾರಸಿಗೆ ಇಲ್ಲಿ ಜಾಗವಿಲ್ಲ, ಅಂಕಿಯೇ ಹೇಳಬೇಕು ಎಂದರು. ನನಗೂ ಮಾತು ಸರಿಯೆನಿಸಿತು. ಸರಿಯಾದ ಮಾತೇ ಅದು, ಇವತ್ತಿಗೂ ಅದರಲ್ಲಿ ತಪ್ಪು ಹುಡುಕಲು ನನಗೆ ಆಗುವುದಿಲ್ಲ. ಆಮೇಲೆ ನಕ್ಷೆಯಲ್ಲಿ ನನ್ನ ಊರು ನೋಡಿದೆ. ಬೆಟ್ಟದ ಬುಡದಲ್ಲಿ ಅಚ್ಚ ಹಸಿರು.

ನಾನು ನಕ್ಕುಬಿಟ್ಟೆ. ಕಾಡು ಅಂತ ಹಸಿರು ಹಚ್ಚಿದಿರಾ ಎಂದು ಕೇಳಿದೆ. ಆತ ಬೇಸರ ಮಾಡಿಕೊಳ್ಳದೆ ಊರವಾರು ಪಟ್ಟಿ ತೆಗೆದು ತೋರಿಸಿದರು. ಯಜಮಾನರ ಒಂದೇ ಮನೆಯಲ್ಲಿ ಒಂದು ಮದುವೆಯ ಪಂಕ್ತಿಗಾಗುವಷ್ಟು ಜನ. ಅವರ ಅಣ್ಣತಮ್ಮಂದಿರ ಮನೆಗಳಲ್ಲೂ ಹಾಗೇ. ಎಲ್ಲರೂ ಜಮೀನಿನ ಒಡೆತನದವರ ಆಶ್ರಿತರು.

ಆ ಮನೆಯೊಳಗೆ ನಾನು ಎಷ್ಟೋ ಸಲ ಉಂಡವಳು. ಅಲ್ಲಿದ್ದದ್ದು ಯಜಮಾನರು, ಅವರ ಹೆಂಡತಿ, ಗಂಡ ಸತ್ತ ಅಕ್ಕ, ಇಬ್ಬರು ಮಕ್ಕಳು, ಒಬ್ಬಳು ಸೊಸೆ. ಉಳಿದವರು ಯಾರೆಂದು ಒಂದು ಗಳಿಗೆ ಹೊಳೆಯಲಿಲ್ಲ. ಹೊಳೆದಾಗ ನಗು ನಿಂತಿತು. ಜೀತದಾಳುಗಳು, ದನ ಕಾಯುವ ಹುಡುಗರು, ಕೇರಿಯ ಅಷ್ಟೂ ಗಂಡಸರು ಆ ಮನೆಯ ಲೆಕ್ಕದಲ್ಲಿದ್ದರು.

ಇದು ಹೇಗಾಯಿತೆಂದು ನನಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಗಣತಿಯವರ ಕಟ್ಟಳೆ, ಒಂದು ಒಲೆಯಲ್ಲಿ ಬೆಂದದ್ದನ್ನು ಉಣ್ಣುವವರೆಲ್ಲ ಒಂದು ಮನೆ. ನಮ್ಮ ಊರಿಗೆ ಎಣಿಸಲು ಬಂದ ಮೇಷ್ಟ್ರು ಕೇರಿಯೊಳಕ್ಕೆ ಕಾಲಿಡುವವರಲ್ಲ. ಯಜಮಾನರ ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿಯುತ್ತಾ, ಮನೆಯಲ್ಲಿ ಉಣ್ಣುವವರು ಎಷ್ಟು ಜನ ಎಂದು ಕೇಳಿದ್ದಾರೆ. ಅದು ಕೇಳಬಾರದ ಮನೆಯಲ್ಲಿ ಕೇಳಿದ ಪ್ರಶ್ನೆ. ಯಜಮಾನರು ಶಿವಪೂಜೆ ಮಾಡದೆ ನೀರು ಮುಟ್ಟದವರು, ದಾಸೋಹ ಅವರ ಮನೆತನದ ಹೆಸರು. ಆ ಕಡೆ ಇಷ್ಟು ಎಕರೆ ಇದೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ದೃಷ್ಟಿ ತಾಗುತ್ತದೆ. ಇಷ್ಟು ಜನ ಉಣ್ಣುತ್ತಾರೆ ಎಂದು ಹೇಳುತ್ತಾರೆ, ಅದೇ ಅಂತಸ್ತು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಜೀತದವರು ಅಲ್ಲಿ ಉಣ್ಣುತ್ತಿದ್ದದ್ದು ನಿಜವೇ. ಕೊಟ್ಟಿಗೆಯ ಪಕ್ಕದ ಕಲ್ಲಿನ ಮೇಲೆ ಕೂತು ಉಣ್ಣುತ್ತಿದ್ದರು. ಮನೆಯ ಹೆಂಗಸರು ಮುದ್ದೆಯನ್ನು ಮೇಲಿನಿಂದ ತಟ್ಟೆಗೆ ಬಿಡುತ್ತಿದ್ದರು. ಉಂಡಾದ ಮೇಲೆ ಅವರವರ ತಟ್ಟೆ ಅವರೇ ತೊಳೆದು ಕೊಟ್ಟಿಗೆಯ ಸೂರಿಗೆ ಸಿಕ್ಕಿಸಬೇಕು.

ಅದು ಹಗಲಿನ ಊಟ. ರಾತ್ರಿ ಊಟಕ್ಕೆ ಪ್ರತಿಯೊಬ್ಬನೂ ಕೇರಿಗೆ ಹೋಗುತ್ತಿದ್ದ. ಅಲ್ಲಿ ಹೆಂಡತಿ ಇನ್ನೊಂದು ಒಲೆ ಹಚ್ಚಿ ಕಾದಿರುತ್ತಿದ್ದಳು. ಆ ಒಲೆಯನ್ನು ಜಗಲಿಯ ಮೇಲೆ ಕೂತವರು ಕೇಳಲೂ ಇಲ್ಲ, ಕಾಣಲೂ ಇಲ್ಲ. ಕೇರಿಯ ಮನೆಗಳಿಗೆಂದು ಬರೆದಿದ್ದದ್ದು ಬರೀ ಹೆಂಗಸರು, ಮುದುಕರು, ಕೈಗೂಸುಗಳು.

ಇಷ್ಟನ್ನೂ ನಾನು ಆ ಹುಡುಗನಿಗೆ ಹೇಳಿದೆ. ಆತ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ನಂಬಲಿಲ್ಲವೆಂದು ನಾನು ಹೇಳಲಾರೆ, ನಂಬಿದರು. ಆದರೆ ಗಣತಿಯ ಅಂಕಿ ಇನ್ನೊಂದು ಗಣತಿಯ ತನಕ ಬದಲಾಗುವುದಿಲ್ಲ. ಒಂದು ದಾರಿಯಿದೆ, ಆ ಆಳುಗಳು ತಮ್ಮ ಮನೆಯವರಲ್ಲ, ಬೇರೆ ಸಂಸಾರದವರು ಎಂದು ಯಜಮಾನರು ಬರೆದುಕೊಡಲಿ, ಇಲ್ಲವೇ ಆಳುಗಳೇ ಹೆಬ್ಬೆಟ್ಟು ಒತ್ತಿ ಕೊಡಲಿ, ಅದನ್ನಿಟ್ಟುಕೊಂಡು ನಮ್ಮ ನಕ್ಷೆಯ ಮಟ್ಟಿಗೆ ಬಣ್ಣ ಬದಲಿಸಲು ಮೇಲಿನವರನ್ನು ಕೇಳುತ್ತೇನೆ ಎಂದರು. ವರ್ಗಾವಣೆ ಆಗುವುದರೊಳಗೆ ತರಬೇಕು. ತರುತ್ತೇನೆ ಎಂದು ಬಂದೆ. ಅದೇನು ಮಹಾ ಎಂದುಕೊಂಡಿದ್ದೆ.

ಯಜಮಾನರು ನನ್ನನ್ನು ಕೂರಿಸಿ ಹಾಲು ಕೊಡಿಸಿ ಪೂರ್ತಿ ಕೇಳಿಸಿಕೊಂಡರು. ಹಣೆಯ ವಿಭೂತಿ ಸುಕ್ಕಾಗುವಂತೆ ಯೋಚನೆ ಮಾಡಿದರು. ಕೇಂದ್ರ ಹೋಗಬಾರದೆಂಬುದು ಅವರಿಗೂ ಇತ್ತು, ಅವರ ಸೊಸೆಯೂ ಬಸುರಿ.

"ನಮ್ಮನೇಲಿ ಉಂಡೋರ್ನ ನಮ್ಮೋರಲ್ಲ ಅಂತ ನನ್ ಕೈಯಾರ ಎಂಗವ್ವ ಬರ್ದು ಕೊಡ್ಲಿ?" ಎಂದರು. "ನಮ್ಮಪ್ಪನ ಆತ್ಮ ಒಪ್ಪುತ್ತಾ?"

ಅದರ ಹಿಂದೆ ಇನ್ನೊಂದು ಲೆಕ್ಕವೂ ಇತ್ತು. ಬೇರೆ ಸಂಸಾರದವರು, ದುಡಿಯುವ ಆಳುಗಳು ಎಂದು ಒಮ್ಮೆ ಕಾಗದದಲ್ಲಿ ಒಪ್ಪಿದರೆ ನಾಳೆ ಕೂಲಿ ಕೇಳಿಯಾರು, ನಾಡಿದ್ದು ಉತ್ತ ಹೊಲ ನಮ್ಮದೆಂದಾರು. ಆ ಮಾತು ಆಗ ಗಾಳಿಯಲ್ಲಿತ್ತು. ಅವರು ಅದನ್ನು ಆಡಲಿಲ್ಲ, ನಾನು ಕೆದಕಲಿಲ್ಲ. ಅದರ ಬದಲು ತಾವೇ ಮೈಸೂರಿಗೆ ಹೋಗಿ ದೊಡ್ಡವರ ಕೈಯಲ್ಲಿ ಒಂದು ಮಾತು ಹೇಳಿಸುತ್ತೇನೆಂದರು. ಬೇಡವೆಂದರೂ ಹೇಳಿಸಿದರು. ಇಂಥ ದೊಡ್ಡವರ ಬಲವಿರುವ ಊರು ಬಡ ಊರು ಹೇಗಾದೀತೆಂದು ಚಾಮರಾಜನಗರದ ಕಚೇರಿಯಲ್ಲಿ ನಕ್ಕರಂತೆ. ಅದರೊಂದಿಗೆ ನಮ್ಮ ಊರಿನ ಹಸಿರು ಇನ್ನಷ್ಟು ಗಟ್ಟಿಯಾಯಿತು.

ಉಳಿದದ್ದು ಜೀತದವರ ಹೆಬ್ಬೆಟ್ಟು. ಒಬ್ಬ ಒತ್ತಿದರೆ ಉಳಿದವರೂ ಒತ್ತುತ್ತಾರೆಂದು ನಾನು ಆ ಹೆಂಗಸಿನ ಗಂಡನ ಬಳಿಗೇ ಮೊದಲು ಹೋದೆ. ಹೆಂಡತಿಯ ಪ್ರಾಣ ಇರುವುದು ಇದರಲ್ಲೇ, ಅವನು ಒತ್ತದೆ ಇನ್ಯಾರು ಒತ್ತಿಯಾರು? ಸಂಜೆ ಅವನು ಕೇರಿಗೆ ಬರುವುದನ್ನೇ ಕಾದು, ಅವರ ಗುಡಿಸಲ ಮುಂದೆ ಕೂತು, ವಿಷಯವನ್ನು ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳಿದೆ. ಅವನಿಗೆ ಒಂದೇ ಒಂದು ಸಂಗತಿ ಹೊಸದಾಗಿ ತಿಳಿದಂತಿತ್ತು.

"ನನ್ನ ಬುದ್ದಿಯೋರ ಮನೆಯೋನು ಅಂತ್ಲೇ ಬರ್ಸವ್ರಾ?" ಎಂದು ಕೇಳಿದ.

ಹೌದು ಎಂದೆ. ಅವನ ಮುಖದಲ್ಲಿ ಬಂದದ್ದು ಸಂತೋಷ. ನನ್ನ ಜೀವಮಾನದಲ್ಲಿ ನಾನು ಕಂಡ ಅತಿ ಕೆಟ್ಟ ಸಂತೋಷ ಅದು. ಆ ಮನೆಯ ಹೊಸ್ತಿಲನ್ನು ಅವನ ಅಪ್ಪ ದಾಟಿರಲಿಲ್ಲ, ಅವನು ದಾಟಿರಲಿಲ್ಲ. ಸರ್ಕಾರದ ಕಾಗದದಲ್ಲಿ ದಾಟಿಬಿಟ್ಟಿದ್ದ.

"ಉಂಡ ಮನೆ ಗಳ ಎಣಿಸ್ಬಾರ್ದು ಕಣವ್ವ," ಎಂದ ಕೊನೆಗೆ. "ಅವರಾಗೇ ನಮ್ಮೋನು ಅಂದವ್ರೆ. ನಾ ಅಲ್ಲ ಅಂತ ಒತ್ಬುಟ್ಟು ನಾಳೀಕೆ ಯಾವ ಮೊಕ ಇಟ್ಕಂಡು ಆ ಕಲ್ಮೇಲೆ ಕೂರನ?"

ನಾನು ಬೈದೆ. ಹೆಂಡತಿ ಮುಖ್ಯವೋ ಆ ಕಲ್ಲು ಮುಖ್ಯವೋ ಎಂದು ಕೇಳಿದೆ. ಅವನಿಗೆ ಹೆಂಡತಿಯ ಮೇಲೆ ಪ್ರೀತಿಯಿರಲಿಲ್ಲವೆಂದಲ್ಲ. ಎರಡನೆಯ ಕೂಸು ಹೋದ ದಿನ ಅವನು ಕೇಂದ್ರದ ಹೊರಗೆ ಹಣೆ ಚಚ್ಚಿಕೊಂಡದ್ದನ್ನು ನಾನೇ ನೋಡಿದ್ದೆ. ಆದರೆ ಕಲ್ಲು ತಪ್ಪಿದರೆ ಅವಳಿಗೆ ಏನು ತಿನ್ನಿಸಲಿ ಎಂದು ಅವನು ತಿರುಗಿ ಕೇಳಬಹುದಿತ್ತು. ಅವನು ಕೇಳಲೂ ಇಲ್ಲ. ಎದ್ದು ಒಳಗೆ ಹೋದ.

ಅವಳು ಅಷ್ಟು ಹೊತ್ತೂ ಒಲೆಯ ಮುಂದೆ ಕೂತು ಕೇಳಿಸಿಕೊಳ್ಳುತ್ತಿದ್ದಳು. ನಾನು ಹೊರಟಾಗ ಕೇರಿಯ ತುದಿಯವರೆಗೂ ಜೊತೆಗೆ ಬಂದಳು, ಕೈ ಸೊಂಟದ ಮೇಲೆ.

"ನನ್ನ ಯಾವ ಮನೇಲಿ ಬರ್ದವ್ರೆ ನರ್ಸವ್ವ?"

ನಿನ್ನ ಮನೆಯಲ್ಲಿ, ನೀನೊಬ್ಬಳೇ ಎಂದೆ.

"ಗಂಡ ಇದ್ದೂ ಒಬ್ಳೇಯಾ," ಎಂದು ಅವಳು ನಕ್ಕಳು.

ಹೆಬ್ಬೆಟ್ಟು ಸಿಗಲಿಲ್ಲ. ವರ್ಗಾವಣೆಯ ಕಾಗದ ಬಂತು. ನನ್ನನ್ನು ಹಾಕಿದ್ದು ಚಾಮರಾಜನಗರದ ಆಚೆ, ಮಾತಿನಲ್ಲಿ ಅರ್ಧ ತಮಿಳು ಬೆರೆತ ಗಡಿಯ ಒಂದು ಕೆಂಪು ಊರಿಗೆ. ಸ್ವಲ್ಪ ದಿನ ತಡೆಯಿರಿ, ಒಂದು ಹೆರಿಗೆಯಿದೆ ಎಂದು ಬರೆದೆ. ಎಲ್ಲ ಊರಿನಲ್ಲೂ ಒಂದು ಹೆರಿಗೆ ಇದ್ದೇ ಇರುತ್ತದೆ ಎಂದು ಉತ್ತರ ಬಂತು. ಅದೂ ಸರಿಯಾದ ಮಾತೇ. ಹೊಸ ಊರಿಗೆ ಹೋಗಿ ಅಲ್ಲಿನವರನ್ನು ಬೈಯೋಣವೆಂದರೆ ಅವರ ಮನೆಗಳಲ್ಲಿ ಬೈಯಲು ಕೂಡ ಏನೂ ಇರಲಿಲ್ಲ. ಕೆಂಪು ಹಚ್ಚಿದ್ದರಲ್ಲಿ ಆ ಹುಡುಗ ಒಂದಿಷ್ಟೂ ತಪ್ಪಿರಲಿಲ್ಲ. ಅಲ್ಲಿ ನಾನು ತೆಗೆದ ಮೊದಲ ಕೂಸಿನ ತಾಯಿ ನನ್ನ ಕೈಯನ್ನು ಕಣ್ಣಿಗೊತ್ತಿಕೊಂಡಳು. ನನಗೆ ಆ ಕೈ ಬೇರೆಯವರಿಂದ ಕದ್ದು ತಂದದ್ದೆನಿಸಿತು.

ಹೊರಡುವ ಮುಂಚೆ ನನ್ನ ಕೈಲಾದ್ದನ್ನು ಮಾಡಿದ್ದೆ. ದಿನ ಹತ್ತಿರವಾದ ಕೂಡಲೇ ಮೈಸೂರಿಗೆ ಕರೆದುಕೊಂಡು ಹೋಗೆಂದು ಗಂಡನಿಗೆ ಹೇಳಿದೆ. ಗಾಡಿ ಕೊಡಿಸಿ, ಅವನನ್ನು ಕೆಲಸದಿಂದ ಬಿಡಿ ಎಂದು ಯಜಮಾನರಿಗೆ ಹೇಳಿದೆ. ಅವರು ಒಪ್ಪಿದರು. ಬಸುರಿ ಸೊಸೆಯನ್ನು ಹೇಗೂ ನಂಜನಗೂಡಿನ ತವರಿಗೆ ಕಳಿಸುವುದಿತ್ತು, ಅದೊಂದು ಆದ ಮೇಲೆ ಇವಳನ್ನೂ ಕಳಿಸುವುದೆಂದು ಮಾತಾಯಿತು. ನಾನು ಬಸ್ಸು ಹತ್ತುವಾಗ ಅವಳು ಬಂದಿರಲಿಲ್ಲ. ಬರಲಿಲ್ಲವಲ್ಲ, ಬದುಕಿದೆ ಎಂದುಕೊಂಡೆ. ಎದುರಿಗೆ ನಿಂತು, ನೀ ಇರ್ತೀಯಲ್ಲ ಎಂಬ ಆ ಒಂದು ಮಾತು ಕೇಳಿದ್ದರೆ ಏನು ಹೇಳಬಹುದಿತ್ತು?

ಸುದ್ದಿ ನನಗೆ ಮುಂದಿನ ತಿಂಗಳು, ಹಳೆಯ ಕೇಂದ್ರದ ಲೆಕ್ಕ ಒಪ್ಪಿಸಲು ಬಂದಾಗ, ಗುಂಡ್ಲುಪೇಟೆಯ ಸಂತೆಯಲ್ಲಿ ಸಿಕ್ಕಿತು. ಬಳೆ ಮಾರುವ ಹೆಂಗಸೊಬ್ಬಳು ಹೇಳಿದಳು. ರಾಗಿ ಕೊಯ್ಲಿನ ಕಾಲ, ಸೊಸೆಯನ್ನು ಬಿಡಲು ಹೋದ ಗಾಡಿ ತಿರುಗಿ ಬಂದಿರಲಿಲ್ಲ. ನೋವು ದಿನಕ್ಕೆ ಮುಂಚೆಯೇ ಬಂತು. ಗಂಡ ಕಾಡಂಚಿನ ಹೊಲದಲ್ಲಿ ಹಂದಿ ಕಾಯುತ್ತಿದ್ದ. ಅವನಿಗೆ ಹೇಳಿಕಳಿಸಿ, ಅವನು ಬೇರೆ ಗಾಡಿ ಬೇಡಿ ತರುವಷ್ಟರಲ್ಲಿ ಒಂದು ಹಗಲೆಲ್ಲ ಕಳೆದಿತ್ತು. ಗುಂಡ್ಲುಪೇಟೆ ಇನ್ನೂ ಕಾಣದ ಕಡೆ, ದಾರಿಯಲ್ಲೇ ಅವಳು ಹೋದಳಂತೆ. ಕೂಸು ಹೊಟ್ಟೆಯಲ್ಲೇ. ಗಾಡಿ ಅಲ್ಲಿಂದಲೇ ಹಿಂದಕ್ಕೆ ತಿರುಗಿತು.

ನಾನು ಬಂದ ಕೆಲಸ ಬಿಟ್ಟು ಆ ಊರಿಗೆ ಹೋದೆ. ಯಾಕೆ ಹೋದೆನೋ. ಮಾಡಲು ಏನೂ ಉಳಿದಿರಲಿಲ್ಲ. ಕೇಂದ್ರದ ಕೋಣೆಗೆ ಮತ್ತೆ ರಾಗಿ ತುಂಬಿದ್ದರು. ಯಜಮಾನರು ಎದ್ದು ನಿಂತು ಬರಮಾಡಿಕೊಂಡರು, ಪಾಪ ಒಳ್ಳೆಯ ಹೆಂಗಸು ಎಂದರು, ಅವರ ಕಣ್ಣಲ್ಲಿ ನೀರಿತ್ತು. ಆ ಮನೆಗೆ ಸೂತಕವೇನೂ ಇರಲಿಲ್ಲ, ಒಳಗಿನಿಂದ ಪೂಜೆಯ ಗಂಟೆ ಕೇಳಿಸುತ್ತಿತ್ತು. ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಏನೆಂದು ಬರೆದರು ಎಂದು ಕೇಳಿದೆ. ಜ್ವರ ಎಂದರು.

ಇದನ್ನು ಚಾಮರಾಜನಗರದ ಆ ಹುಡುಗನಿಗೆ ಹೇಳಬೇಕೆಂದು ನನಗೆ ಆಮೇಲೆ ಎಷ್ಟೋ ಸಲ ಅನ್ನಿಸಿತು. ಹೇಳಲಿಲ್ಲ. ಹೇಳಿದ್ದರೆ ಆತ ಮತ್ತೆ ಕನ್ನಡಕ ತೆಗೆದು ಕಣ್ಣುಜ್ಜಿಕೊಳ್ಳುತ್ತಿದ್ದರು, ಒಳ್ಳೆಯವರು. ಅವಳ ಸಾವು ಅವರ ಕೈಗೆ ಬರುವ ಹೊತ್ತಿಗೆ ಹಸಿರು ವಲಯದ ಒಂದು ಜ್ವರವಾಗಿ ಬರುತ್ತಿತ್ತು, ಆ ಅಂಕಿಗೆ ಬೇಕಾದ್ದು ಡಿಡಿಟಿಯೇ ಹೊರತು ಸೂಲಗಿತ್ತಿಯಲ್ಲ.

ಕೇರಿಗೆ ಹೋದೆ. ಗುಡಿಸಲ ತಟ್ಟಿಬಾಗಿಲು ತೆರೆದೇ ಇತ್ತು. ಒಲೆಯಲ್ಲಿ ಬೂದಿ ತಣ್ಣಗಿತ್ತು, ಅದರಲ್ಲಿ ಯಾರದೋ ಕೋಳಿ ಕೆದಕುತ್ತಿತ್ತು. ಕೋಳಿ ಓಡಿಸಿದೆ. ಪಕ್ಕದ ಗುಡಿಸಲ ಮುದುಕಿ, ಅವನು ಈಗ ಇಲ್ಲಿಗೆ ಬರುವುದಿಲ್ಲ, ಅಲ್ಲೇ ಕೊಟ್ಟಿಗೆಯಲ್ಲಿ ಮಲಗುತ್ತಾನೆ ಎಂದಳು.

ಅವನು ಕೊಟ್ಟಿಗೆಯ ಪಕ್ಕದ ಕಲ್ಲಿನ ಮೇಲೆ ಕೂತು ಉಣ್ಣುತ್ತಿದ್ದ. ಹೊತ್ತು ಮುಳುಗುತ್ತಿತ್ತು, ಅದು ರಾತ್ರಿಯ ಊಟ. ನನ್ನನ್ನು ಕಂಡು ಏಳಲು ಹೋದ, ಬೇಡವೆಂದು ಕೈ ಮಾಡಿದೆ.

"ಈಗ ರಾತ್ರೆಗೂ ಇಲ್ಲೇ ಕಣವ್ವ," ಎಂದ, ನಾನು ಕೇಳದೆಯೇ. "ಅಲ್ಲಿ ಒಲೆ ಅಚ್ಚೋರಿಲ್ಲ."

ಉಂಡು ಮುಗಿಸಿ ತಟ್ಟೆ ತೊಳೆದು, ಕೊಟ್ಟಿಗೆಯ ಸೂರಿಗೆ ಸಿಕ್ಕಿಸಿದ. ಜನಗಣತಿಯವರು ಬರೆದುಕೊಂಡು ಹೋಗಿದ್ದದ್ದು ಆವತ್ತಿಗೆ ಸರಿಯಾಯಿತು.